ಕೇಳಿ, ಹೇಳ್ತೀನಿ: ಗಾಜಿನ ಮೇಲೆ ರೇಷ್ಮೆ ಸವರಬಹುದಾ?

ಹೋದ ತಿಂಗಳು ಒಬ್ಬರು ಫೋನು ಜೇಬಿನಲ್ಲಿ ಗುರ್ ಅನ್ನುವುದು ಹೇಗೆ ಎಂದು ಕೇಳಿದ್ದರು. ಉತ್ತರದ ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೆ. ಬಟ್ಟೆ, ಕಲ್ಲು, ಮರ ಮುಟ್ಟಿದ ಹಾಗೇ ಅನ್ನಿಸುವಂತೆ ಮಾಡುವ ಯಂತ್ರಗಳೂ ಇವೆ, ಆ ವಿದ್ಯೆಗೆ ಹ್ಯಾಪ್ಟಿಕ್ಸ್ ಅನ್ನುತ್ತಾರೆ ಎಂದು. ಆ ಒಂದು ಸಾಲಿಗೆ ಬಂದ ಪತ್ರಗಳೇ ಈ ಸಲ ಪುಟ ತುಂಬಿಸಿವೆ. ಇನ್ವರ್ಟರ್ ಬ್ಯಾಟರಿ, ಬೋರ್‌ವೆಲ್ ನೀರಿನ ಬಿಳಿ ಕಲೆ ಬಗ್ಗೆ ಬರೆದವರು ಒಂದು ತಿಂಗಳು ತಾಳಿ.

ಹೊಸಬರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ 27 ವರ್ಷ ಕಂಪನ ಪರೀಕ್ಷೆ ಮಾಡಿದವಳು ನಾನು. ಯಂತ್ರದ ಭಾಗಗಳನ್ನು ಶೇಕರ್ ಮೇಲೆ ಬೋಲ್ಟ್ ಹಾಕಿ ಕೂರಿಸುವುದು, ಗಂಟೆಗಟ್ಟಲೆ ಅದುರಿಸುವುದು, ಎಲ್ಲಿ ಬಿರುಕು ಬಿಟ್ಟಿತು ಎಂದು ಹುಡುಕುವುದು. ನಮ್ಮಪ್ಪ ಚಿಕ್ಕಪೇಟೆಯ ಒಂದು ಅಂಗಡಿಯಲ್ಲಿ ಬಿಳಿ ಹಾಸಿನ ಮೇಲೆ ಕೂತು ಸೀರೆ ಬಿಡಿಸಿ ತೋರಿಸುತ್ತಿದ್ದವರು. ಹಾಗಾಗಿ ಈ ವಿಷಯ ನನಗೆ ಅಪ್ಪನ ಕಡೆಯಿಂದಲೂ ನೆಂಟು, ಕೆಲಸದ ಕಡೆಯಿಂದಲೂ ನೆಂಟು.

ಮೇಡಂ, ಚಿಕ್ಕಪೇಟೆಯಲ್ಲಿ ನಮ್ಮದು ತಾತನ ಕಾಲದ ಸೀರೆ ಅಂಗಡಿ. ಮಗ ಈಗ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಹಾಕಿ ಮಾರುತ್ತಾನೆ. ಗಿರಾಕಿಗಳು ಬಣ್ಣ ಒಪ್ಪುತ್ತಾರೆ. ಸೀರೆ ಕೈಗೆ ಸಿಕ್ಕ ಮೇಲೆ ‘ಮುಟ್ಟಿದರೆ ಬೇರೆ ಥರ ಇದೆ’ ಎಂದು ವಾಪಸ್ ಕಳಿಸುತ್ತಾರೆ. ಫೋನಿನ ಗಾಜಿನ ಮೇಲೇ ಸೀರೆ ಮುಟ್ಟಿ ನೋಡುವ ಕಾಲ ಬರುತ್ತದಂತೆ. ನಿಜವಾ?
— ಸೀರೆ ವ್ಯಾಪಾರಿ, ಚಿಕ್ಕಪೇಟೆ

ಅರ್ಧ ನಿಜ ಸಾರ್. ನಿಮಗೆ ಬೇಕಾಗಿರುವುದು ಉಳಿದ ಅರ್ಧ, ಅದೇ ತೊಂದರೆ.

ಮೊದಲು ಅಡುಗೆಮನೆಗೆ ಹೋಗಿ ಬನ್ನಿ. ಮೂರು ತಟ್ಟೆಯಲ್ಲಿ ಮೈದಾ, ಅಕ್ಕಿ ಹಿಟ್ಟು, ಬನ್ಸಿ ರವೆ ಹಾಕಿಸಿ. ಕಣ್ಣು ಮುಚ್ಚಿ ಒಂದೊಂದರ ಮೇಲೂ ಬೆರಳಿಡಿ. ಇಡಿ ಅಷ್ಟೆ, ಆಡಿಸಬೇಡಿ. ರವೆ ಕೂಡಲೇ ಗೊತ್ತಾಗುತ್ತದೆ, ಕಾಳು ಕಾಳಾಗಿ ಒತ್ತುತ್ತದೆ. ಮೈದಾ ಯಾವುದು, ಅಕ್ಕಿ ಹಿಟ್ಟು ಯಾವುದು ಅಂದರೆ ತಡವರಿಸುತ್ತೀರಿ. ಈಗ ಬೆರಳನ್ನು ಒಂದು ಸಲ ಆಚೀಚೆ ಎಳೆಯಿರಿ. ಅಕ್ಕಿ ಹಿಟ್ಟಿನ ಸಣ್ಣ ತರಿ ತಾನೇ ಹೆಸರು ಹೇಳುತ್ತದೆ.

ಜರ್ಮನಿಯ ಡೇವಿಡ್ ಕಾಟ್ಸ್ ಎಂಬ ಮನಶ್ಶಾಸ್ತ್ರಜ್ಞ 1925ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ದಪ್ಪ ತರಿಯನ್ನು ಚರ್ಮ ಎಲ್ಲಿ ಒತ್ತಿತು ಎಂಬುದರಿಂದ ತಿಳಿಯುತ್ತದೆ. ಸಣ್ಣ ತರಿಯನ್ನು ಉಜ್ಜಿದಾಗ ಏಳುವ ನಡುಕದಿಂದ ತಿಳಿಯುತ್ತದೆ. ಎರಡರ ನಡುವಿನ ಗಡಿ ಸುಮಾರು 0.2 ಮಿಲಿಮೀಟರ್ ಎಂದು ಆಮೇಲಿನವರು ಅಳೆದಿದ್ದಾರೆ. ಅಂದರೆ ನಯ ಅನ್ನುವುದು ಬಟ್ಟೆಯಲ್ಲಿ ಕೂತಿಲ್ಲ, ಬೆರಳಲ್ಲೂ ಕೂತಿಲ್ಲ. ಉಜ್ಜುವಾಗ ಹುಟ್ಟುತ್ತದೆ, ನಿಲ್ಲಿಸಿದರೆ ಇಲ್ಲ.

ಒಂದು ಲೆಕ್ಕ ನೋಡಿ. ಕೈಮಗ್ಗದ ಹತ್ತಿ ಬಟ್ಟೆಯಲ್ಲಿ ಎಳೆಗಳು 0.4 ಮಿಲಿಮೀಟರಿಗೆ ಒಂದರಂತೆ ಇವೆ ಅಂದುಕೊಳ್ಳಿ. ಬೆರಳು ಸೆಕೆಂಡಿಗೆ 10 ಸೆಂಟಿಮೀಟರ್ ಸಾಗಿದರೆ ಸೆಕೆಂಡಿಗೆ 250 ಎಳೆ ದಾಟುತ್ತದೆ. 250 ಸಣ್ಣ ಗುದ್ದು. ಚರ್ಮದ ಆಳದಲ್ಲಿ ಈರುಳ್ಳಿಯ ಹಾಗೆ ಪದರ ಪದರವಾಗಿರುವ ಪಾಸಿನಿ ಎಂಬ ಸೂಕ್ಷ್ಮ ಅಂಗಗಳಿವೆ. ಅವು ಅತಿ ಚುರುಕಾಗಿರುವುದು ಹೆಚ್ಚುಕಡಿಮೆ ಈ ವೇಗದ ನಡುಕಕ್ಕೇ. ಕೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಅಲುಗಿದರೂ ಅವಕ್ಕೆ ಸಾಕು. ನಮ್ಮ ಲ್ಯಾಬಿನಲ್ಲಿ ಅಷ್ಟು ಸೂಕ್ಷ್ಮದ ಸೆನ್ಸರ್ ಬೇಕೆಂದು ಫೈಲ್ ಇಟ್ಟರೆ ಮಂಜೂರಾಗಲು ಎರಡು ಹಣಕಾಸು ವರ್ಷ ಹಿಡಿಯುತ್ತಿತ್ತು. ದೇವರು ಬೆರಳ ತುದಿಗೆ ಬಿಟ್ಟಿಯಾಗಿ ಕೊಟ್ಟಿದ್ದಾನೆ.

ಇಷ್ಟು ಗೊತ್ತಾದ ಮೇಲೆ ಎಂಜಿನಿಯರುಗಳು ಬಟ್ಟೆ ಬಿಟ್ಟರು, ನಡುಕ ಹಿಡಿದರು. ಗಾಜು ಗಾಜಾಗಿಯೇ ಇರಲಿ, ಅದರ ಮೇಲೆ ಜಾರುವ ಬೆರಳನ್ನು ಕ್ಷಣ ಹಿಡಿದು ಕ್ಷಣ ಬಿಟ್ಟರೆ ಆಯಿತಲ್ಲ? ಇದಕ್ಕೆ ಎರಡು ದಾರಿ. ಒಂದು, ಗಾಜಿನ ಮೇಲಿನ ತೆಳು ಲೇಪದಡಿ ಇರುವ ಪದರಕ್ಕೆ ವಿದ್ಯುತ್ ಏರಿಳಿಸಿ ಬೆರಳನ್ನು ಚೂರು ಸೆಳೆಯುವುದು. ಡಿಸ್ನಿ ಕಂಪನಿಯ ಸಂಶೋಧಕರು 2010ರಲ್ಲಿ ತೋರಿಸಿದ ಟೆಸ್ಲಾಟಚ್ ಈ ಜಾತಿ. ಇನ್ನೊಂದು ತಿರುಗು ಮುರುಗು. ಕಿವಿಗೆ ಕೇಳದಷ್ಟು ವೇಗವಾಗಿ ಗಾಜನ್ನು ಅದುರಿಸಿದರೆ ಬೆರಳಿನ ಕೆಳಗೆ ತೆಳು ಗಾಳಿ ಸಿಕ್ಕಿಕೊಂಡು ಗಾಜು ಇನ್ನೂ ಜಾರುತ್ತದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2007ರಲ್ಲಿ ಇಂಥದ್ದೊಂದು ಪುಟ್ಟ ತಟ್ಟೆ ಮಾಡಿದರು.

ಮೊದಲ ಜಾತಿಯ ಪರದೆಯನ್ನು ನಾನು ಇಲ್ಲೇ ಊರಲ್ಲಿ ಒಂದು ಪ್ರದರ್ಶನದಲ್ಲಿ ಮುಟ್ಟಿದ್ದೇನೆ. ಏಪ್ರಿಲ್ ತಿಂಗಳು, ಮಧ್ಯಾಹ್ನ. ಪರದೆ ಮೇಲೆ ಜೀನ್ಸ್ ಬಟ್ಟೆಯ ಚಿತ್ರ. ಸವರಿದೆ, ಬರೀ ಗಾಜು. ‘ಏನೂ ಆಗ್ತಿಲ್ಲವಲ್ಲಪ್ಪ’ ಅಂದೆ. ಅಲ್ಲಿದ್ದ ಹುಡುಗ ಮಾತಾಡದೆ ಟಿಶ್ಯೂ ಕೊಟ್ಟ. ಬೆರಳು ಬೆವೆತಿತ್ತು, ಒದ್ದೆ ಬೆರಳಿಗೆ ಈ ಆಟ ನಡೆಯುವುದಿಲ್ಲ. ಒರೆಸಿಕೊಂಡು ಮತ್ತೆ ಎಳೆದರೆ, ಅರೆ, ಜರ್ ಜರ್ ಅಂತ ಓರೆ ಗೆರೆಗಳು! ಜೀನ್ಸ್ ಅಂತ ಒಪ್ಪಿಕೊಂಡೆ. ಚಿತ್ರ ಕಾಣಿಸದ ಹಾಗೆ ಕಣ್ಣು ಮುಚ್ಚಿ ಎಳೆದೆ. ಗೆರೆ ಇತ್ತು, ಜೀನ್ಸ್ ಇರಲಿಲ್ಲ. ಬಾಚಣಿಗೆಯೋ, ಜೀನ್ಸೋ, ಹೇಳಲಿಕ್ಕೆ ಆಗಲಿಲ್ಲ.

ಈಗ ನಿಮ್ಮ ಸೀರೆಗೆ ಬರುತ್ತೇನೆ. ನಮ್ಮಪ್ಪ ಹೊಸ ಮಾಲು ಬಂದಾಗ ಏನು ಮಾಡುತ್ತಿದ್ದರು ಎಂದು ನೆನೆಸಿಕೊಂಡೆ. ಸೆರಗನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಉಜ್ಜುವುದು. ಮುಷ್ಟಿಯಲ್ಲಿ ಹಿಡಿದು, ಬಿಟ್ಟು, ಸುಕ್ಕು ಹೇಗೆ ಬಿಡಿಸಿಕೊಳ್ಳುತ್ತದೆ ಎಂದು ನೋಡುವುದು. ಮಡಿಕೆಯನ್ನು ಅಂಗೈ ಮೇಲೆ ತೂಗುವುದು. ಯಾರೂ ನೋಡುತ್ತಿಲ್ಲ ಅಂದರೆ ಕೆನ್ನೆಗೆ ಒತ್ತಿಕೊಳ್ಳುವುದು. ಜಪಾನಿನ ಸುಯೊ ಕವಾಬಾಟಾ ಎಂಬ ಪ್ರೊಫೆಸರ್ 1970ರ ದಶಕದಲ್ಲಿ ಇದನ್ನೇ ನಾಲ್ಕು ಯಂತ್ರ ಮಾಡಿದ. ಒಂದು ಬಟ್ಟೆಯನ್ನು ಎಳೆಯುತ್ತದೆ, ಓರೆಯಾಗಿ ಜಗ್ಗುತ್ತದೆ. ಒಂದು ಬಗ್ಗಿಸುತ್ತದೆ. ಒಂದು ಅದುಮುತ್ತದೆ. ಒಂದು ಸವರುತ್ತದೆ. ಬಟ್ಟೆ ಗಿರಣಿಗಳಲ್ಲಿ ಇವತ್ತಿಗೂ ಅವನ ಪದ್ಧತಿ ಇದೆ. ಲೆಕ್ಕ ಹಾಕಿ ಸಾರ್: ನಾಲ್ಕರಲ್ಲಿ ಸವರುವ ಯಂತ್ರ ಒಂದೇ. ಗಾಜಿನ ಪರದೆಗೆ ಬರುವುದು ಆ ಒಂದರ ಕೆಲಸ. ಗಾಜು ಬಗ್ಗುವುದಿಲ್ಲ, ಸುಕ್ಕಾಗುವುದಿಲ್ಲ, ಎರಡು ಬೆರಳಿನ ನಡುವೆ ಸಿಗುವುದಿಲ್ಲ. ಯುರೋಪಿನ ಐದು ವಿಶ್ವವಿದ್ಯಾಲಯಗಳು ಸೇರಿ 2004ರಿಂದ 2007ರವರೆಗೆ ಹ್ಯಾಪ್‌ಟೆಕ್ಸ್ ಎಂಬ ಯೋಜನೆಯಲ್ಲಿ ಎರಡು ಬೆರಳಿಗೆ ಯಂತ್ರ ಕಟ್ಟಿ, ಕವಾಬಾಟಾ ಅಳತೆಗಳನ್ನು ಕಂಪ್ಯೂಟರಿಗೆ ಕೊಟ್ಟು ಬಟ್ಟೆ ಮುಟ್ಟಿಸಲು ನೋಡಿದವು. ಅದು ಲ್ಯಾಬಿನ ಮೇಜು ದಾಟಿ ಯಾರ ಜೇಬಿಗೂ ಬರಲಿಲ್ಲ.

ನಿಮ್ಮ ಮಗನಿಗೆ ಒಂದು ಮಾತು ಹೇಳಿ. ವಿಡಿಯೋಗೆ ಸಿನಿಮಾ ಹಾಡು ಹಾಕುವುದನ್ನು ನಿಲ್ಲಿಸಲಿ. ಫಿನ್ಲೆಂಡಿನ ಇಬ್ಬರು ಸಂಶೋಧಕರು 1998ರಲ್ಲಿ ಒಂದು ತಮಾಷೆ ಮಾಡಿದರು. ಜನರಿಗೆ ಅಂಗೈ ಉಜ್ಜಲು ಹೇಳಿ, ಆ ಸದ್ದನ್ನು ಮೈಕಿನಲ್ಲಿ ಹಿಡಿದು, ಕೀಚಲು ಪಾಲನ್ನು ಜಾಸ್ತಿ ಮಾಡಿ ಅವರ ಕಿವಿಗೇ ಕೇಳಿಸಿದರು. ಜನ ತಮ್ಮ ಅಂಗೈ ಒಣಗಿದ ಕಾಗದದ ಹಾಗಾಯಿತು ಅಂದರು! ಸ್ಪರ್ಶದಲ್ಲಿ ಕಿವಿಯ ಪಾಲು ಅಷ್ಟಿದೆ. ಒಳ್ಳೆ ರೇಷ್ಮೆ ಉಜ್ಜಿದರೆ ಸರಸರ ಅನ್ನುವುದು ನಿಮಗೆ ಗೊತ್ತೇ ಇದೆ. ಫ್ಯಾನ್ ಆಫ್ ಮಾಡಿ, ಫೋನಿನ ಮೈಕಿನ ಹತ್ತಿರ ಸೆರಗು ಉಜ್ಜಿ ಕೇಳಿಸಲಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟು ತೋರಿಸಲಿ. ಖಾಯಂ ಗಿರಾಕಿಗಳಿಗೆ ಅದೇ ನೇಯ್ಗೆಯ ಎರಡಿಂಚು ತುಂಡನ್ನು ಕಾರ್ಡಿಗೆ ಪಿನ್ ಹೊಡೆದು ಅಂಚೆಯಲ್ಲಿ ಕಳಿಸಿ. ಸದ್ಯಕ್ಕೆ ಅದನ್ನು ಮೀರಿಸುವ ಹ್ಯಾಪ್ಟಿಕ್ ಸಾಧನ ನನಗೆ ಕಾಣುತ್ತಿಲ್ಲ.

ಅಕ್ಕಾ, ಚಾರ್ಜಿಗೆ ಹಾಕಿದಾಗ ನನ್ನ ಲ್ಯಾಪ್‌ಟಾಪಿನ ಲೋಹದ ಮೈ ಮೇಲೆ ಬೆರಳು ಜಾರಿಸಿದರೆ ಸಣ್ಣಗೆ ಜುಂ ಅನ್ನುತ್ತೆ, ಮೇಲ್ಮೈ ಒರಟಾದ ಹಾಗೆ. ಬೆರಳು ನಿಲ್ಲಿಸಿದರೆ ಏನೂ ಇಲ್ಲ. ಚಾರ್ಜರ್ ತೆಗೆದರೆ ಮತ್ತೆ ನುಣ್ಣಗೆ. ನನಗೇ ಏನೋ ಆಗಿದೆ ಅಂತಾರೆ ಆಫೀಸಲ್ಲಿ.
— ಸಾಫ್ಟ್‌ವೇರ್ ಉದ್ಯೋಗಿ, ಮಾರತ್‌ಹಳ್ಳಿ

ನಿಮಗೇನೂ ಆಗಿಲ್ಲ ಕಣ್ರೀ. ಮೇಲಿನ ಉತ್ತರದಲ್ಲಿ ನಾನು ಪ್ರದರ್ಶನಕ್ಕೆ ಹೋಗಿ ಮುಟ್ಟಿದ್ದನ್ನು ನೀವು ಮನೆಯಲ್ಲೇ ಕೂತು ಮುಟ್ಟಿದ್ದೀರಿ.

ಚಾರ್ಜರಿನೊಳಗೆ ಕರೆಂಟಿನ ಕಡೆಗೂ ಲ್ಯಾಪ್‌ಟಾಪಿನ ಕಡೆಗೂ ಸೇತುವೆಯಂತೆ ಒಂದು ಪುಟ್ಟ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಚೂರು ಹಿಡಿದಿಡುವ ಭಾಗ, ಇರುತ್ತದೆ. ಎರಡು ಪಿನ್ನಿನ ಪ್ಲಗ್ ಹಾಕಿದಾಗ ಅರ್ಥಿಂಗ್ ಇಲ್ಲ. ಅದರ ಮೂಲಕ ತೀರಾ ಚೂರೇ ಚೂರು ವಿದ್ಯುತ್ ಲೋಹದ ಮೈಗೆ ಬಂದು ಕೂರುತ್ತದೆ. ಲೋಹದ ಮೇಲಿನ ತೆಳು ಲೇಪ ನಿರೋಧಕ. ಬೆರಳು, ಲೇಪ, ಲೋಹ: ಇವೇ ಒಂದು ಕೆಪಾಸಿಟರ್ ಆಗಿ ಬೆರಳನ್ನು ಸೆಳೆಯುತ್ತವೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹೊಯ್ದಾಡುತ್ತದೆ. ಪ್ಲಸ್ ಆದಾಗಲೂ ಸೆಳೆತ, ಮೈನಸ್ ಆದಾಗಲೂ ಸೆಳೆತ. ಹಾಗಾಗಿ ಸೆಳೆತ ಸೆಕೆಂಡಿಗೆ 100 ಸಲ. ಬೆರಳು ನಿಂತಿದ್ದರೆ ಆ ಸೆಳೆತ ಗೊತ್ತಾಗದಷ್ಟು ಸಣ್ಣದು. ಜಾರುವಾಗ ಮಾತ್ರ ಅದು ಘರ್ಷಣೆಯ ಏರಿಳಿತವಾಗಿ ಕೈಗೆ ಸಿಗುತ್ತದೆ. ಅದೇ ನಿಮ್ಮ ಜುಂ.

ಇದರ ಮೊದಲ ವರದಿಯೂ ಹೀಗೇ ಅಕಸ್ಮಾತ್ತಾಗಿ ಬಂದದ್ದು. ಅಮೆರಿಕದಲ್ಲಿ ಮಲಿಂಕ್ರೋಟ್ ಎಂಬಾತ ಮತ್ತು ಇನ್ನಿಬ್ಬರು 1953ರಲ್ಲಿ ಪ್ರಕಟಿಸಿದ ಲೇಖನ. ಬಲ್ಬು ಉರಿಯುತ್ತಿರುವಾಗ ಹಿತ್ತಾಳೆಯ ಹೋಲ್ಡರ್ ಮುಟ್ಟಿದರೆ ಆಫ್ ಆದಾಗಿನಷ್ಟು ನುಣ್ಣಗಿಲ್ಲವಲ್ಲ ಎಂದು ಒಬ್ಬರಿಗೆ ಅನ್ನಿಸಿತು. ಅಲ್ಲಿಂದ ಟೆಸ್ಲಾಟಚ್‌ಗೆ 57 ವರ್ಷ.

ಮೂರು ಪಿನ್ನಿನ ವೈರ್ ಹಾಕಿದರೆ ಜುಂ ನಿಲ್ಲಬೇಕು. ನಿಲ್ಲದಿದ್ದರೆ ನಿಮ್ಮ ಸಾಕೆಟ್ಟಿನ ಮೂರನೇ ತೂತಿಗೆ ಅರ್ಥಿಂಗ್ ವೈರೇ ಎಳೆದಿಲ್ಲದೆ ಇರಬಹುದು. ಬಾಡಿಗೆ ಮನೆಗಳಲ್ಲಿ ಇದು ಎಷ್ಟು ಸಾಮಾನ್ಯ ಎಂದು ನಾನು ಹೇಳಬೇಕಿಲ್ಲ. ಇನ್ನೊಂದು ಮಾತು. ಜುಂ ಅನ್ನುವುದು ಬೇರೆ, ಚುರ್ ಅಂತ ಚುಚ್ಚುವುದು ಬೇರೆ. ಫ್ರಿಜ್ಜೋ ಗೀಸರೋ ಚುರ್ ಅಂದರೆ ನನಗೆ ಪತ್ರ ಬರೆಯುತ್ತಾ ಕೂರಬೇಡಿ, ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ಅಮ್ಮಾ, ಮೊಮ್ಮಗ ಗೇಮ್ ಆಡುವಾಗ ‘ತಾತ, ಮರಳ ಮೇಲೆ ನಡೆದ ಹಾಗೇ ಕೈಗೆ ಗೊತ್ತಾಗುತ್ತೆ’ ಅಂತಾನೆ. ನಾನು ಹಿಡಿದು ನೋಡಿದೆ, ಹೌದು ಅನ್ನಿಸಿತು. ವಯಸ್ಸಾದವನ ಭ್ರಮೆಯೇ?
— ನಿವೃತ್ತ ಬ್ಯಾಂಕ್ ನೌಕರರು, ಜಯನಗರ

ಭ್ರಮೆಯೇ, ಆದರೆ ವಯಸ್ಸಿಗೆ ಸಂಬಂಧವಿಲ್ಲ. ಹಳೆಯ ಗೇಮ್ ರಿಮೋಟುಗಳಲ್ಲಿ ಮೋಟಾರಿನ ಕಡ್ಡಿಗೆ ಒಂದು ಕಡೆ ಭಾರ ಕಟ್ಟಿ ತಿರುಗಿಸುತ್ತಿದ್ದರು. ವೇಗ ಹಿಡಿಯಲೂ ಹೊತ್ತು, ನಿಲ್ಲಲೂ ಹೊತ್ತು. ಎಲ್ಲಕ್ಕೂ ಒಂದೇ ಗುರ್. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರ ರಿಮೋಟಿನಲ್ಲಿ ಸ್ಪೀಕರಿನೊಳಗಿನ ಹಾಗೆ ಸುರುಳಿ ಮತ್ತು ಆಯಸ್ಕಾಂತ ಇವೆ. ಸ್ಪೀಕರಿಗೆ ಹಾಡು ಕೊಟ್ಟ ಹಾಗೆ ಇದಕ್ಕೆ ಮರಳಿನ ಸದ್ದು, ಮಳೆ ಹನಿಯ ಸದ್ದು ಕೊಡಬಹುದು. ಕಣ್ಣಿಗೆ ಮರಳು ಕಾಣುತ್ತದೆ, ಕಿವಿಗೆ ಕೇಳುತ್ತದೆ, ಉಳಿದದ್ದನ್ನು ತಲೆಯೇ ತುಂಬಿಕೊಳ್ಳುತ್ತದೆ.

ನಿಮ್ಮ ಮನೆಯಲ್ಲಿ 2015ರ ನಂತರದ, ಫೋರ್ಸ್ ಟಚ್ ಜಾತಿಯ ಟ್ರ್ಯಾಕ್‌ಪ್ಯಾಡ್ ಇರುವ ಮ್ಯಾಕ್‌ಬುಕ್ ಯಾರದಾದರೂ ಇದ್ದರೆ ಪೂರ್ತಿ ಆಫ್ ಮಾಡಿ ಟ್ರ್ಯಾಕ್‌ಪ್ಯಾಡ್ ಒತ್ತಿ. ಟಕ್ ಅನ್ನುವುದಿಲ್ಲ. ಆನ್ ಇರುವಾಗಿನ ಆ ಟಕ್ ಒಳಗಿನ ಆಯಸ್ಕಾಂತ ಅಡ್ಡಕ್ಕೆ ಕೊಟ್ಟ ಒಂದು ಜಗ್ಗು. ಬೆರಳು ಅದನ್ನು ಕೆಳಗಿಳಿದ ಗುಂಡಿ ಎಂದು ನಂಬುತ್ತದೆ. ಮೊಮ್ಮಗನಿಗೆ ತೋರಿಸಿ, ತಾತನ ಮರ್ಯಾದೆ ಜಾಸ್ತಿಯಾಗುತ್ತದೆ.

ಮೇಡಂ, ‘ಹ್ಯಾಪ್ಟಿಕ್’ ಎಂಬುದಕ್ಕೆ ಕನ್ನಡದ್ದೇ ಪದ ಬೇಡವೇ?
— ಕನ್ನಡ ಮೇಷ್ಟ್ರು, ರಾಜಾಜಿನಗರ

ಬೇಕು ಸಾರ್. ಗ್ರೀಕಿನಲ್ಲಿ ಅದರ ಬೇರು ‘ಮುಟ್ಟು’ ಎಂದೇ. ಆದರೆ ನಾವು ಹೆಸರಾಗಿ ‘ಮುಟ್ಟು’ ಎಂದರೆ ಅಂಗಡಿಯಲ್ಲಿ ಬೇರೆಯದನ್ನೇ ಕಾಗದದಲ್ಲಿ ಸುತ್ತಿಕೊಡುತ್ತಾರೆ. ‘ಸೋಕು’ ಚೆನ್ನಾಗಿದೆ, ಕೊರೊನಾ ಬಂದು ಅದರ ಅಕ್ಕ ಸೋಂಕನ್ನು ಕೆಡಿಸಿಟ್ಟಿತು. ಸ್ಪರ್ಶ ಇದ್ದೇ ಇದೆ, ಸ್ವಲ್ಪ ಮಡಿ ಉಟ್ಟ ಪದ.

ಹೆಸರಿಗಿಂತ ಕ್ರಿಯಾಪದಗಳಲ್ಲಿ ನಾವು ಶ್ರೀಮಂತರು. ಲೆಡರ್‌ಮನ್ ಮತ್ತು ಕ್ಲಾಟ್ಸ್ಕಿ ಎಂಬ ಇಬ್ಬರು ವಿಜ್ಞಾನಿಗಳು 1987ರಲ್ಲಿ ಜನರ ಕಣ್ಣು ಕಟ್ಟಿ, ಕೈಗೆ ವಸ್ತು ಕೊಟ್ಟು, ಕೈ ಏನು ಮಾಡುತ್ತದೆ ಎಂದು ಚಿತ್ರೀಕರಿಸಿ ನೋಡಿದರು. ಕೈ ಸುಮ್ನೆ ಮುಟ್ಟುವುದಿಲ್ಲ, ಒಂದೊಂದು ಪ್ರಶ್ನೆಗೆ ಒಂದೊಂದು ಚಲನೆ. ನಯ ತಿಳಿಯಲು ಸವರುತ್ತದೆ. ಗಟ್ಟಿಯೇ ಮೆತ್ತಗೇ ಎನ್ನಲು ಅದುಮುತ್ತದೆ. ತಣ್ಣಗಿದೆಯೇ ಎನ್ನಲು ಅಲುಗಾಡದೆ ಕೂರುತ್ತದೆ. ಭಾರಕ್ಕೆ ತೂಗುತ್ತದೆ, ಗಾತ್ರಕ್ಕೆ ಹಿಡಿಯಾಗುತ್ತದೆ, ಆಕಾರಕ್ಕೆ ಅಂಚು ತಡವುತ್ತದೆ. ಇದನ್ನು ಓದಿದ ದಿನ ನನಗೆ ಗಾಂಧಿಬಜಾರಿನ ತರಕಾರಿ ಸಾಲು ಕಣ್ಣ ಮುಂದೆ ಬಂತು. ಬದನೆಕಾಯಿ ಅದುಮುವ, ಬೆಂಡೆಕಾಯಿಯ ತುದಿ ಮುರಿಯುವ, ತೆಂಗಿನಕಾಯಿ ಕಿವಿಯ ಹತ್ತಿರ ಅಲ್ಲಾಡಿಸುವ ನಮ್ಮ ಅಮ್ಮಂದಿರು. ‘ಮುರಿದರೆ ದುಡ್ಡು ಕೊಡ್ಬೇಕು ಕಣಮ್ಮ’ ಎಂದು ಕೂಗುವ ಗಾಡಿಯವನು. ಸವರು, ತಡವು, ನೇವರಿಸು, ತೀಡು, ಉಜ್ಜು, ಹಿಸುಕು, ಚಿವುಟು... ಯಂತ್ರ ಮಾಡುವವರು ಈ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಇವತ್ತಿನ ಒಂದೊಂದು ಯಂತ್ರವೂ ಒಂದೊಂದು ಕ್ರಿಯಾಪದಕ್ಕೆ ಮಾತ್ರ ಉತ್ತರ ಕೊಡುತ್ತದೆ.

ಮೇಡಂ, ನಾವು ನಾಲ್ಕು ಜನ ಕೊನೆ ವರ್ಷದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು. ಮೇಲ್ಮೈಯ ಅನುಭವ ಮರಳಿ ಕೊಡುವ ಪ್ರಾಜೆಕ್ಟ್ ಮಾಡಬೇಕೆಂದಿದ್ದೇವೆ. ಕಡಿಮೆ ಖರ್ಚಿನಲ್ಲಿ ಆಗುತ್ತಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಬನಶಂಕರಿ

ಆಗುತ್ತೆ ಮಗು. ಬೆರಳಿನ ಗೋಜಿಗೆ ಹೋಗಬೇಡಿ, ಪೆನ್ನು ಹಿಡಿಯಿರಿ. ಪೆನ್ನಿನ ತುದಿಯಿಂದ ಗೋಡೆ ಗೀರಿದರೂ ಒರಟು ಗೊತ್ತಾಗುತ್ತದೆ ಅಲ್ವಾ? ಆಗ ಕೈಗೆ ಬರುವುದು ಬರೀ ನಡುಕ. ಬೆರಳಿಗಿಂತ ಇದು ಎಷ್ಟೋ ಸುಲಭ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕ್ಯಾಥರಿನ್ ಕುಚೆನ್‌ಬೆಕರ್ ಅವರ ತಂಡ ಮಾಡಿದ್ದು ಇದನ್ನೇ. ಸೆನ್ಸರ್ ಕೂರಿಸಿದ ಪೆನ್ನಿನಂಥ ಕಡ್ಡಿಯಿಂದ 100 ಮೇಲ್ಮೈಗಳನ್ನು ಗೀರಿ, ನಡುಕ, ಒತ್ತಡ, ವೇಗ ಮೂರನ್ನೂ ದಾಖಲಿಸಿ 2014ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಕಾಗದ, ಬಟ್ಟೆ, ಮರ, ಕಲ್ಲು ಎಲ್ಲ ಇವೆ. ಇಳಿಸಿಕೊಂಡು ಮೊದಲು ಅದನ್ನು ನೋಡಿ.

ಎಸ್.ಪಿ. ರೋಡಿನಲ್ಲಿ ನಿಮಗೆ ಬೇಕಾದದ್ದೆಲ್ಲ ಸಿಗುತ್ತದೆ. ನಡುಕ ಅಳೆಯುವ ಎಡಿಎಕ್ಸ್ಎಲ್345 ಎಂಬ ಆ್ಯಕ್ಸಲರೋಮೀಟರ್ ಸೆಕೆಂಡಿಗೆ 3200 ಅಳತೆಯವರೆಗೆ ಕೊಡುತ್ತದೆ, ಈ ಕೆಲಸಕ್ಕೆ ಸಾಕು. ಒಂದು ಎಕ್ಸೈಟರ್ ಸ್ಪೀಕರ್, ಅಂದರೆ ಕಾಗದದ ಕೋನ್ ಇಲ್ಲದ, ಮೇಜಿಗೆ ಅಂಟಿಸುವ ಜಾತಿ. ಪಿಎಎಂ8403 ಆಂಪ್ಲಿಫೈಯರ್ ಬೋರ್ಡು. ಎಲ್ಲವನ್ನೂ ನಡೆಸಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಒಂದು. ಮೂರು ದಿಕ್ಕಿನ ನಡುಕಕ್ಕೆ ಮೂರು ಎಕ್ಸೈಟರ್ ಬೇಕೇ ಎಂದು ನಿಮ್ಮ ಗೈಡ್ ಕೇಳಬಹುದು. ಬೇಡ. ವೇಗದ ನಡುಕದ ದಿಕ್ಕು ನಮ್ಮ ಕೈಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಮೂರನ್ನೂ ಒಂದರಲ್ಲಿ ಸೇರಿಸಿ ಕೊಟ್ಟರೆ ನಡೆಯುತ್ತದೆ.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ನಿವೃತ್ತಿಯಾದ ಮೇಲೆ ಮನೆಯ ಊಟದ ಮೇಜಿನ ಮೇಲೆ ಇಂಥದ್ದೊಂದು ಕಟ್ಟಿದೆ. ಸೆನ್ಸರನ್ನು ಪೆನ್ನಿಗೆ ಫೋಮ್ ಟೇಪಿನಲ್ಲಿ ಅಂಟಿಸಿದ್ದೆ. ಕಡಪ ಕಲ್ಲು ಗೀರಿದೆ, ಚಾಪೆ ಗೀರಿದೆ, ಒಗೆಯುವ ಕಲ್ಲು ಗೀರಿದೆ. ಗ್ರಾಫಿನಲ್ಲಿ ಎಲ್ಲ ಒಂದೇ ಅಮ್ಮನ ಮಕ್ಕಳ ಹಾಗೆ. ಎರಡು ದಿನ ಕೋಡಿನಲ್ಲಿ ತಪ್ಪು ಹುಡುಕಿದೆ. ಮೂರನೇ ದಿನ ಹೊಳೆಯಿತು: ಫೋಮು ವೇಗದ ನಡುಕವನ್ನೆಲ್ಲ ನುಂಗಿ ಕೂತಿದೆ! 27 ವರ್ಷ ಹುಡುಗರಿಗೆ ‘ಸೆನ್ಸರನ್ನು ಜೇನುಮೇಣದಲ್ಲಿ ಕೂರಿಸ್ರೋ’ ಎಂದು ಬೈದವಳು ನಾನೇ. ಜೇನುಮೇಣದ ತೆಳು ಪದರ ಹಾಕಿ, ಒತ್ತಿ ಕೂರಿಸಿ.

ದೊಡ್ಡ ಕಷ್ಟ ಬರುವುದು ಮರಳಿ ಕೊಡುವಾಗ. ದಾಖಲಿಸಿದ ನಡುಕವನ್ನು ಹಾಡಿನ ಹಾಗೆ ಸುಮ್ಮನೆ ಬಾರಿಸಿದರೆ ಕೈ ತಕ್ಷಣ ಸುಳ್ಳು ಹಿಡಿಯುತ್ತದೆ. ವೇಗವಾಗಿ ಎಳೆದರೆ ನಡುಕ ಏರಬೇಕು, ಒತ್ತಿದರೆ ಜೋರಾಗಬೇಕು, ನಿಲ್ಲಿಸಿದರೆ ಅದೇ ಕ್ಷಣ ನಿಲ್ಲಬೇಕು. ಸಿನಿಮಾ ಕಣ್ಣಿಗೆ ಸೆಕೆಂಡಿಗೆ 24 ಚಿತ್ರ ತೋರಿಸಿ ನಂಬಿಸುತ್ತದೆ. ಒತ್ತಿದರೆ ತಿರುಗಿ ಒತ್ತುವ ಹ್ಯಾಪ್ಟಿಕ್ ಯಂತ್ರಗಳು ಸಾಮಾನ್ಯವಾಗಿ ಸೆಕೆಂಡಿಗೆ 1000 ಸಲ ಲೆಕ್ಕ ಹಾಕುತ್ತವೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಥಾಮಸ್ ಮ್ಯಾಸಿ ಮತ್ತು ಕೆನೆತ್ ಸ್ಯಾಲಿಸ್ಬರಿ ಮಾಡಿದ, ಇದೇ ಜಾತಿಯ ಫ್ಯಾಂಟಮ್ ಎಂಬ ಯಂತ್ರದ ಬಗ್ಗೆ ಓದಿ. ಆ ಮ್ಯಾಸಿ ಆಮೇಲೆ ಚುನಾವಣೆಗೆ ನಿಂತು ಅಮೆರಿಕದ ಸಂಸತ್ತಿಗೆ ಹೋದ. ನಿಮ್ಮ ಪ್ರಾಜೆಕ್ಟ್ ಕೈಕೊಟ್ಟರೆ ಆ ದಾರಿಯೂ ಇದೆ.

ಅಕ್ಕಾ, ನನ್ನ ಮಗಳಿಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಬ್ರೈಲ್ ಚೆನ್ನಾಗಿ ಓದುತ್ತಾಳೆ. ಇಂಥ ಪರದೆ ಬಂದರೆ ಫೋನಿನಲ್ಲೇ ಬ್ರೈಲ್ ಓದಬಹುದೇ?
— ಗೃಹಿಣಿ, ವಿಜಯನಗರ

ಆಸೆ ಹುಟ್ಟಿಸಿ ಕೈಬಿಡುವುದಕ್ಕಿಂತ ನೇರ ಹೇಳುತ್ತೇನೆ. ಈ ಬಗೆಯ ಪರದೆಯಲ್ಲಿ ಬ್ರೈಲ್ ಕಷ್ಟ.

ಬ್ರೈಲ್ ಚುಕ್ಕಿ ಸುಮಾರು ಅರ್ಧ ಮಿಲಿಮೀಟರ್ ಎತ್ತರ, ಅಕ್ಷರದೊಳಗೆ ಚುಕ್ಕಿಯಿಂದ ಚುಕ್ಕಿಗೆ ಸುಮಾರು 2.5 ಮಿಲಿಮೀಟರ್. ಅಂದರೆ ಇದು ಮೈದಾ ಅಲ್ಲ, ಬನ್ಸಿ ರವೆಯ ಕಡೆಯದು. ಒಂದೇ ಬೆರಳ ತುದಿಯ ಕೆಳಗೆ ಯಾವ ಯಾವ ಜಾಗ ಒತ್ತಿತು ಎಂದು ಬೇರೆ ಬೇರೆಯಾಗಿ ಗೊತ್ತಾಗಬೇಕು. ಘರ್ಷಣೆ ಏರಿಳಿಸುವ ಪರದೆಗಳು ಸಾಮಾನ್ಯವಾಗಿ ಇಡೀ ಬೆರಳಿಗೆ ಒಟ್ಟಿಗೆ ಒಂದೇ ಸುದ್ದಿ ಹೇಳುತ್ತವೆ. ಎಡಗಡೆ ಚುಕ್ಕಿ ಇದೆ, ಬಲಗಡೆ ಇಲ್ಲ ಎನ್ನಲು ಅವಕ್ಕೆ ಬಾಯಿಲ್ಲ. ಅದಕ್ಕೇ ಈಗಿನ ಬ್ರೈಲ್ ಡಿಸ್‌ಪ್ಲೇಗಳಲ್ಲಿ ನಿಜವಾದ ಸೂಜಿಗಳೇ ಏರಿಳಿಯುತ್ತವೆ. ಸಾಮಾನ್ಯವಾಗಿ ಒಂದೊಂದು ಅಕ್ಷರಕ್ಕೆ ಎಂಟು ಸೂಜಿ, ಒಂದೊಂದು ಸೂಜಿಗೂ ವಿದ್ಯುತ್ ಕೊಟ್ಟರೆ ಬಾಗುವ ಒಂದೊಂದು ಪೀಜೋ ಪಟ್ಟಿ. ಬೆಲೆ ಯಾಕೆ ಅಷ್ಟು ಅಂದರೆ ಇದಕ್ಕೇ.

ಆದರೆ ಗೆರೆಗಳಿಗೆ ಇಂಥ ಪರದೆ ಒಳ್ಳೆಯದು. ಗ್ರಾಫಿನ ರೇಖೆ, ಭೂಪಟದಲ್ಲಿ ಜಿಲ್ಲೆಯ ಗಡಿ, ತ್ರಿಕೋನದ ಬದಿ. ಬೆರಳು ರೇಖೆ ದಾಟಿದ ಕೂಡಲೇ ಹಿಡಿತ ಬದಲಾಗುತ್ತದೆ. ಮದ್ರಾಸ್ ಐಐಟಿಯ ಟಚ್‌ಲ್ಯಾಬ್‌ನವರು ಐಟ್ಯಾಡ್ ಎಂಬ ಹೆಸರಿನಲ್ಲಿ ಮೇಲ್ಮೈಯ ಅನುಭವ ಕೊಡುವ ಪರದೆ ತಯಾರಿಸಿದ್ದಾರೆ. ನಿಮ್ಮ ಮಗಳು ಎಷ್ಟನೇ ಕ್ಲಾಸು ಎಂದು ಬರೆದಿಲ್ಲ. ರೇಖಾಗಣಿತ ಶುರುವಾಗಿದ್ದರೆ ಅವಳ ಮೇಷ್ಟ್ರಿಗೆ ಹೇಳಿ ಅವರಿಗೊಂದು ಇಮೇಲ್ ಹಾಕಿಸಿ. ಇಂಥ ಪರದೆ ಸರಿಯೋ ತಪ್ಪೋ ಎಂದು ಹೇಳಲು ಅವಳ ಬೆರಳಿಗಿರುವ ಅಧಿಕಾರ ನನ್ನ ಬೆರಳಿಗಿಲ್ಲ.

ಮೇಡಂ, ಬಸವನಗುಡಿಯ ನಮ್ಮ ಮನೆ ಮುಂದಿನ ತಿಂಗಳು ಒಡೆಯುತ್ತಿದ್ದಾರೆ, ಅಪಾರ್ಟ್‌ಮೆಂಟ್ ಬರುತ್ತದೆ. ನಡುಮನೆಯಲ್ಲಿ ಅಜ್ಜ ಹಾಕಿಸಿದ ರೆಡ್ ಆಕ್ಸೈಡ್ ನೆಲ. ಫೋಟೋ ತೆಗೆದಿದ್ದೇವೆ. ಬರಿಗಾಲಲ್ಲಿ ನಡೆದ ಅನುಭವವನ್ನೂ ಫೋಟೋದ ಹಾಗೆ ಉಳಿಸಿಕೊಳ್ಳಬಹುದೇ?
— ಶಾಲಾ ಶಿಕ್ಷಕಿ, ಬಸವನಗುಡಿ

ಈ ಪತ್ರವನ್ನು ಎರಡು ಸಲ ಓದಿದೆ.

ವಿದ್ಯಾರ್ಥಿಗೆ ಹೇಳಿದ ಪೆನ್ನಿನಿಂದ ಗೀರಿ ದಾಖಲಿಸಬಹುದು. ಬೆರಳ ಗೆಣ್ಣಿನಿಂದ ತಟ್ಟಿದಾಗ ಏಳುವ ಚಿಕ್ಕ ನಡುಕವನ್ನೂ ಹಿಡಿಯಬಹುದು. ಗಟ್ಟಿ ವಸ್ತು ತಟ್ಟಿದರೆ ಟಣ್ ಎಂದು ಬೇಗ ಸಾಯುತ್ತದೆ, ಮೆದು ವಸ್ತು ದೊಪ್ ಅನ್ನುತ್ತದೆ, ಕೈಗೆ ಆ ವ್ಯತ್ಯಾಸವೇ ಗಡಸುತನ. ಆದರೆ ನಿಮ್ಮ ನೆಲದಲ್ಲಿ ಗೀರಿದರೆ ಸಿಗುವುದು ತೀರಾ ಕಡಿಮೆ. ಕರಣೆಯಲ್ಲಿ ತಿಕ್ಕಿ ತಿಕ್ಕಿ, ಆಮೇಲೆ ತಲೆಮಾರುಗಟ್ಟಲೆ ಒರೆಸಿ, ಎಣ್ಣೆ ಕೈಯಾಡಿಸಿ ಕನ್ನಡಿಯಾದ ನೆಲ ಅದು. ಗ್ರಾಫಿನಲ್ಲಿ ಹೆಚ್ಚುಕಡಿಮೆ ನೇರ ಗೆರೆ ಬರುತ್ತದೆ.

ನೀವು ನೆನಪಿಟ್ಟುಕೊಂಡಿರುವುದು ತಂಪು, ಅಲ್ವಾ? ಮೇ ತಿಂಗಳ ಮಧ್ಯಾಹ್ನ ಚಾಪೆ ಸರಿಸಿ ಬರೀ ನೆಲದ ಮೇಲೆ ಕೆನ್ನೆ ಒತ್ತಿ ಮಲಗುತ್ತಿದ್ದದ್ದು. ನಿಮ್ಮ ನೆಲವೂ ಪಕ್ಕದ ಮರದ ಮಂಚವೂ ಒಂದೇ ಕೋಣೆಯಲ್ಲಿ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿದ್ದರೂ ನೆಲ ತಣ್ಣಗೆ. ಯಾಕೆಂದರೆ ಅದು ಮೈಯ ಬಿಸಿಯನ್ನು ಮರಕ್ಕಿಂತ ಬೇಗ ಹೀರುತ್ತದೆ. ಇದನ್ನು ಅನುಕರಿಸಲು ಪೆಲ್ಟಿಯೇ ಎಂಬ ಬಿಲ್ಲೆ ಇದೆ, ಕರೆಂಟು ಹರಿಸಿದರೆ ಒಂದು ಮುಖ ತಣ್ಣಗಾಗುತ್ತದೆ. ಬೆರಳ ತುದಿಯಷ್ಟು ಜಾಗಕ್ಕೆ ಸರಿ. ಕೆನ್ನೆ, ತೋಳು, ಬೆನ್ನು ಒರಗಿಸುವಷ್ಟು ನೆಲಕ್ಕೆ ಇವತ್ತಿಗೆ ಆಗದ ಮಾತು.

ಹಾಗಾಗಿ ಮೇಸ್ತ್ರಿಯ ಹತ್ತಿರ ಈಗಲೇ ಮಾತಾಡಿ. ಸುತ್ತಿಗೆ ಬೀಳುವ ಮುಂಚೆ ಕಟಿಂಗ್ ಮಿಷನ್ನಿನಲ್ಲಿ ಎರಡಡಿ ಚೌಕ ಕೊಯ್ಯಿಸಿ. ಮೇಲಿನ ಕೆಂಪು ಪದರ ತೆಳು, ಅದೊಂದನ್ನೇ ಎಬ್ಬಲು ಹೋದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಕೆಳಗಿನ ಕಾಂಕ್ರೀಟ್ ಸಮೇತ ಎತ್ತಬೇಕು. ಭಾರ ಬರುತ್ತದೆ, ನಾಲ್ಕು ಆಳು ಬೇಕಾಗಬಹುದು. ಬಾಗಿಲ ಹತ್ತಿರದ ಜಾಗ ಬೇಡ, ಅಲ್ಲಿ ಚಪ್ಪಲಿ ಓಡಾಡಿರುತ್ತದೆ. ನೀವು ಮಲಗುತ್ತಿದ್ದ ಜಾಗವನ್ನೇ ಗುರುತು ಹಾಕಿ. ಹೊಸ ಮನೆಯ ಬಾಲ್ಕನಿಯಲ್ಲಿ ಕೂರಿಸಿಕೊಳ್ಳಿ.

ಎರಡು ತುಂಡು ಬಂದರೆ ಒಂದು ನನಗಿರಲಿ. ಆಟೋ ಬಾಡಿಗೆ ನಾನು ಕೊಡುತ್ತೇನೆ.